ಲೈಡನ್ನಿನಲ್ಲಿ ಈರಣ್ಣ ‘ಬ್ಯಾಡ’ ಅಂದದ್ದು

ನಾನು ಕಂಪ್ಲಿಯವಳು. ನಮ್ಮ ಮನೆಯಲ್ಲಿ ಬಂದವರನ್ನು ‘ಊಟ ಮಾಡ್ತೀರಾ’ ಎಂದು ಕೇಳುವ ಪದ್ಧತಿಯೇ ಇಲ್ಲ. ಅಪ್ಪನ ರೈಸ್‌ಮಿಲ್ಲಿಗೆ ಭತ್ತ ತಂದವರಿರಲಿ, ಲಾರಿ ಡ್ರೈವರಿರಲಿ, ಸುಮ್ಮನೆ ದಾರಿ ಕೇಳಲು ನಿಂತವರಿರಲಿ, ಹೊಸ್ತಿಲು ದಾಟಿದರೆ ತಟ್ಟೆ ಬರುತ್ತದೆ, ತಟ್ಟೆಗೆ ಅನ್ನ ಬೀಳುತ್ತದೆ. ಸಾಕು ಎಂದು ಕೈ ಅಡ್ಡ ಹಿಡಿದವರ ಕೈಮೇಲೇ ಸಾರು ಸುರಿದ ಕೀರ್ತಿ ನಮ್ಮ ಅಜ್ಜಿಗಿದೆ. ಊರ ಸುತ್ತ ಕಾಲುವೆ, ಕಾಲುವೆಯ ಎರಡೂ ಕಡೆ ಗದ್ದೆ. ಕೇಳಿ ಬಡಿಸುವುದು ಜಿಪುಣರ ಲಕ್ಷಣ ಎಂದೇ ನಾನು ತಿಳಿದು ಬೆಳೆದವಳು.

ಚೋರನೂರಿನ ಪದ್ಧತಿ ಬೇರೆ. ನಮ್ಮೂರಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೂ ಅದು ನನಗೆ ತಿಳಿದದ್ದು ಹಾಲೆಂಡಿನ ಲೈಡನ್ ಎಂಬ ಊರಿಗೆ ಹೋದ ಒಂದು ಶನಿವಾರ.

ನಾವು ಮೂವರು. ನಾನು ಡೆಲ್ಫ್ಟ್ ಎನ್ನುವ ಊರಿನಲ್ಲಿ ನೀರಾವರಿ ಓದುತ್ತೇನೆ. ಮಂಜ ಹೊಸಪೇಟೆಯವನು, ಅವರಪ್ಪನದು ಲಾರಿ ಟೈರಿನ ಅಂಗಡಿ. ಅವನೂ ಡೆಲ್ಫ್ಟಿನಲ್ಲೇ ಉಕ್ಕಿನ ವಿಷಯ ಓದುತ್ತಾನೆ, ಓದುವುದಕ್ಕಿಂತ ಹೆಚ್ಚು ಮಾತಾಡುತ್ತಾನೆ. ಮೂರನೆಯವನು ಈರಣ್ಣ, ಸಂಡೂರು ತಾಲೂಕಿನ ಚೋರನೂರಿನವನು. ಅಪ್ಪ ನೇಗಿಲು ಹೊಡೆಯುವಾಗ ಹೊಲದಲ್ಲಿ ಎದ್ದು ಬರುತ್ತಿದ್ದ ಹಳೆಯ ಮಡಕೆ ಚೂರುಗಳನ್ನು ಆರಿಸುತ್ತಾ ಬೆಳೆದವನು, ಅದೇ ಹುಚ್ಚು ತಲೆಗೇರಿ ಲೈಡನ್ನಿನಲ್ಲಿ ಪುರಾತತ್ವ ಓದಲು ವಿದ್ಯಾರ್ಥಿವೇತನ ಗಿಟ್ಟಿಸಿದ್ದ. ಬಂದು ಕೆಲವೇ ವಾರವಾಗಿತ್ತು.

ಹಾಲೆಂಡಿನಲ್ಲಿ ಸೀಟು ಸಿಕ್ಕೀತು, ರೂಮು ಸಿಗುವುದಿಲ್ಲ. ವಿಳಾಸವಿಲ್ಲದೆ ಬ್ಯಾಂಕಿನವರು ಖಾತೆ ತೆರೆಯುವುದಿಲ್ಲ, ಖಾತೆಯಿಲ್ಲದವನಿಗೆ ಮನೆಯವರು ರೂಮು ಕೊಡುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಈರಣ್ಣ ಅಲ್ಲಿಯವರೆಗೆ ಮಂಜನ ರೂಮಿನ ನೆಲದ ಮೇಲೆ ಮಲಗಿಕೊಂಡು ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ. ಹಾಸ್ಟೆಲಿನವರು ಈ ತಿಂಗಳು ಮುಗಿದರೆ ಅತಿಥಿ ಹೊರಡಬೇಕು ಎಂದು ಹೇಳಿಬಿಟ್ಟರು. ನನ್ನ ಹಾಸ್ಟೆಲಿನಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ರೂಮು ಸಿಗದಿದ್ದರೆ ಅವನು ಊರಿಗೆ ಹೋಗಬೇಕು, ಹೋದರೆ ವಿದ್ಯಾರ್ಥಿವೇತನವೂ ಹೋಗುತ್ತದೆ. ಬರೆದ ಕಡೆಯೆಲ್ಲ ಇಲ್ಲ ಎಂದ ಮೇಲೆ ಲೈಡನ್ನಿನ ಒಂದೇ ಒಂದು ಮನೆಯವರು, ಶನಿವಾರ ಮಧ್ಯಾಹ್ನ ಬಂದು ನಮ್ಮನ್ನು ಕಾಣು ಎಂದಿದ್ದರು.

“ಒಬ್ಬನ್ನ ಯಾಕ ಕಳಸೂದು, ನಾವೂ ಊರು ನೋಡಿದಂಗಾಗತೈತಿ,” ಎಂದ ಮಂಜ. ಹಾಗೆ ಹೊರಟೆವು.

ರೈಲು

ನಾನು ಸ್ಟೀಲ್ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತುಂಬಿದ್ದೆ. ಈರಣ್ಣ ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದ. ಮಂಜ ತಲೆಗೆ ಜೆಲ್ ಹಚ್ಚಿಕೊಂಡಿದ್ದ, ಅಷ್ಟೇ.

ನಮ್ಮೆದುರು ಬಿಳಿ ಕೂದಲಿನ ಅಜ್ಜಿಯೊಬ್ಬರು ಕುಳಿತಿದ್ದರು. ನಮ್ಮ ರೈಲಿನಲ್ಲಾದರೆ ಹೊಸಪೇಟೆ ಬಿಟ್ಟು ಮುನಿರಾಬಾದ್ ಬರುವುದರೊಳಗೆ ಯಾವ ಊರು, ಯಾರ ಪೈಕಿ, ಮದುವೆ ಆಗಿದೆಯೋ ಇಲ್ಲವೋ ಎಲ್ಲಾ ಇತ್ಯರ್ಥವಾಗಿರುತ್ತದೆ. ಇಲ್ಲಿ ಅಜ್ಜಿ ಬಹಳ ಹೊತ್ತು ಕಿಟಕಿ ನೋಡಿ, ಕೊನೆಗೆ ಚೀಲದಿಂದ ಪುಟ್ಟ ತಗಡಿನ ಡಬ್ಬಿ ತೆಗೆದು ನಮ್ಮ ಮುಂದೆ ಹಿಡಿದರು. ಒಳಗೆ ಕಪ್ಪು ಮಿಠಾಯಿ. ನಾನೂ ಮಂಜನೂ ಒಂದೊಂದು ತೆಗೆದುಕೊಂಡೆವು. ಈರಣ್ಣ ಎದೆಯ ಮೇಲೆ ಕೈಯಿಟ್ಟು, “ಬೇಡ, ಥ್ಯಾಂಕ್ಸ್,” ಎಂದು ಇಂಗ್ಲಿಷಿನಲ್ಲಿ ಹೇಳಿ ಡಬ್ಬಿಯನ್ನೇ ನೋಡುತ್ತಾ ಕುಳಿತ. ಅಜ್ಜಿ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟುಬಿಟ್ಟರು.

ಅಷ್ಟರಲ್ಲಿ ನನ್ನ ಬಾಯಿ ಕೆಟ್ಟಿತು. ಬೆಲ್ಲ ಎಂದುಕೊಂಡು ಹಾಕಿಕೊಂಡದ್ದು ಉಪ್ಪುಪ್ಪು, ಜೊತೆಗೆ ಕೆಮ್ಮಿನ ಔಷಧದ ವಾಸನೆ. ಉಗಿಯುವಂತಿಲ್ಲ, ಅಜ್ಜಿ ನಗುನಗುತ್ತಾ ನಮ್ಮನ್ನೇ ನೋಡುತ್ತಿದ್ದಾರೆ. ಮಂಜನ ಕಣ್ಣಲ್ಲಿ ನೀರು. ಇಬ್ಬರೂ ಅಜ್ಜಿ ಇಳಿಯುವವರೆಗೂ ಅದನ್ನು ದವಡೆಯಲ್ಲಿಟ್ಟುಕೊಂಡು ತಲೆಯಾಡಿಸಿದೆವು.

“ನಾ ಎರಡನೇ ಸಲ ಕೇಳ್ತಾರಂತ ಕಾಯಾಕತ್ತಿದ್ದೆ,” ಎಂದ ಈರಣ್ಣ, ಅಜ್ಜಿ ಹೋದ ಮೇಲೆ. “ಕೇಳಲಿಲ್ಲ. ಛಲೋ ಆತು ಬಿಡು.”

ನಾವಿಬ್ಬರೂ ನಕ್ಕೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಕಾಲುವೆ ದಂಡೆ

ಲೈಡನ್ ನಿಲ್ದಾಣದ ಹೊರಗೆ ಮೊದಲು ಕಾಣುವುದು ಸೈಕಲ್ಲು. ಸಾಲು ಸಾಲು, ಒಂದರ ಮೇಲೊಂದು ಅಟ್ಟ ಕಟ್ಟಿ ನಿಲ್ಲಿಸಿದ್ದಾರೆ. ತನ್ನ ಸೈಕಲ್ಲನ್ನು ಯಾರು ಹೇಗೆ ಹುಡುಕುತ್ತಾರೋ ಅವರ ದೇವರಿಗೇ ಗೊತ್ತು. ಮಂಜ ಫೋಟೋ ತೆಗೆಯಲು ಕೆಂಪು ಹಾದಿಯ ಮೇಲೆ ನಿಂತ. ಅದು ಸೈಕಲ್ಲಿನ ಹಾದಿ. ಹಿಂದಿನಿಂದ ಒಬ್ಬಳು ಹುಡುಗಿ ಒಂದು ಸಲ ಟಿಣ್ ಎನ್ನಿಸಿದಳು, ಮರುಕ್ಷಣ ಅವನ ಮೊಣಕೈ ಸವರಿಕೊಂಡು ಹೋದಳು.

“ಏನಿದು, ಒಂದ ಸಲ ಗಂಟಿ ಬಾರಿಸಿ ಬಂದು ಹೊಡಿಯೋದಾ?” ಎಂದ ಮಂಜ ಮೊಣಕೈ ಉಜ್ಜಿಕೊಳ್ಳುತ್ತಾ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ಆಟೋದವರು ಹಾರ್ನ್ ಒತ್ತುತ್ತಲೇ ಇರುತ್ತಾರೆ, ನಾವು ಸರಿಯುವುದಿಲ್ಲ, ಅವರು ಸುತ್ತಿಕೊಂಡು ಹೋಗುತ್ತಾರೆ. ಇಲ್ಲಿ ಗಂಟೆ ಬಾರಿಸಿದ ಮೇಲೆ ಜವಾಬ್ದಾರಿ ನಮ್ಮದು.

ಊರೊಳಗೆ ನಡೆದರೆ ಎಲ್ಲೆಲ್ಲೂ ಕಾಲುವೆ. ನನಗೆ ಕಾಲುವೆ ಹೊಸದಲ್ಲ. ನಮ್ಮೂರಿನಲ್ಲಿ ಬಟ್ಟೆ ಒಗೆದದ್ದು, ಈಜು ಕಲಿತದ್ದು, ಚಪ್ಪಲಿ ಕಳೆದುಕೊಂಡದ್ದು ಎಲ್ಲಾ ಕಾಲುವೆಯಲ್ಲೇ. ನಮ್ಮಲ್ಲಿ ಡ್ಯಾಮಿನಿಂದ ನೀರು ಯಾವಾಗ ಬಿಡುತ್ತಾರೆ ಎನ್ನುವುದು ಊರಿಗೂರೇ ಮಾತಾಡುವ ಸಂಗತಿ. ಇಲ್ಲಿನವರಿಗೆ ನೀರನ್ನು ಹೇಗೆ ಆಚೆ ಹಾಕುವುದು ಎನ್ನುವುದೇ ಚಿಂತೆ. ಮನೆಗಳು ನೀರಿಗೆ ಆತುಕೊಂಡು ನಿಂತಿವೆ, ಅಗಲ ಕಡಿಮೆ, ಎತ್ತರ ಹೆಚ್ಚು. ಕೆಲವು ಗೋಡೆಗಳ ಮೇಲೆ ದೊಡ್ಡದಾಗಿ ಪದ್ಯ ಬರೆದಿದ್ದಾರೆ, ಒಂದೊಂದು ಗೋಡೆಗೆ ಒಂದೊಂದು ಭಾಷೆ. ಸಿಮೆಂಟು, ಕೋಚಿಂಗ್ ಸೆಂಟರು ಬಿಟ್ಟು ಗೋಡೆಯ ಮೇಲೆ ಇನ್ನೇನನ್ನೂ ಓದಿ ಗೊತ್ತಿಲ್ಲದ ಮಂಜ ಕನ್ನಡದ ಪದ್ಯಕ್ಕಾಗಿ ಹುಡುಕಿ ಹುಡುಕಿ ಸೋತ.

ಬೆವರಿನ ಕೋಣೆ

ಈರಣ್ಣ ನಮ್ಮನ್ನು ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮುಂದೆ ನಿಲ್ಲಿಸಿದ. ಹಳೆಯದು ಎಂದರೆ ನಮ್ಮ ವಿಜಯನಗರ ಹಾಳಾದ ಕೆಲವೇ ವರ್ಷಗಳಲ್ಲಿ ಶುರುವಾದ ವಿಶ್ವವಿದ್ಯಾಲಯ. ಅಲ್ಲಿ ಬಜಾರು ಬರಿದಾದ ಹೊತ್ತಿಗೆ ಇಲ್ಲಿ ಹುಡುಗರು ಪುಸ್ತಕ ಹಿಡಿದುಕೊಂಡು ಬರತೊಡಗಿದ್ದರು ಎಂದು ಅವನು ಹೇಳಿದಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಬಾಗಿಲು ಮುಚ್ಚಿತ್ತು. ಒಳಗೊಂದು ಸಣ್ಣ ಕೋಣೆ ಇದೆಯಂತೆ. ಪರೀಕ್ಷೆ ಕೊಟ್ಟವರು ಗುರುಗಳು ಕರೆಯುವವರೆಗೆ ಅಲ್ಲಿ ಕುಳಿತು ಬೆವರುತ್ತಿದ್ದರಂತೆ, ಅದಕ್ಕೆ ಬೆವರಿನ ಕೋಣೆ ಎಂದೇ ಹೆಸರು. ಪಾಸಾದವರು ಗೋಡೆಯ ಮೇಲೆ ಸಹಿ ಮಾಡುತ್ತಾರೆ. ನೆಲದಿಂದ ಮಾಡಿನವರೆಗೆ ಬರೀ ಹೆಸರು.

“ನಾವು ಹಂಪ್ಯಾಗ ಕಂಬದ ಮ್ಯಾಲ ಹೆಸರು ಬರದ್ರ ಬೈತಾರ,” ಎಂದ ಮಂಜ.

“ಅದು ಪಾಸಾದೋರ ಹೆಸರಲ್ಲ,” ಎಂದೆ ನಾನು. “ಅಲ್ಲಿ ಬಾಣದ ಗುರ್ತು ಹಾಕಿ ಬರದೋರೆಲ್ಲ ಫೇಲಾದೋರೇ.”

ಈರಣ್ಣ ನಗಲಿಲ್ಲ. ಅವನ ನೋಟ ಆ ಮುಚ್ಚಿದ ಬಾಗಿಲಿನ ಮೇಲಿತ್ತು. “ಆ ಗ್ವಾಡಿ ಮ್ಯಾಲ ನಮ್ಮಪ್ಪನ ಹೆಸರು ಸೇರಿಸಿ ಬರೀಬೇಕಂತ ಐತಿ, ಗೌರಕ್ಕ,” ಎಂದ. “ಮಡಿಕಿ ಚೂರು ಕಂಡಾಗೆಲ್ಲ ಎತ್ತು ನಿಲ್ಲಿಸ್ತಿದ್ದ ನಮ್ಮಪ್ಪ, ನಾ ಆರಿಸ್ಕೊಳ್ಳಲಿ ಅಂತ.”

ಅವನಿಗೆ ಆ ರೂಮು ಎಷ್ಟು ಬೇಕಾಗಿದೆ ಎನ್ನುವುದು ನನಗೆ ಆಗ ತಿಳಿಯಿತು. ನನಗಿಂತ ಒಂದೇ ವರ್ಷ ಚಿಕ್ಕವನು, ಆದರೆ ಆ ಹೊತ್ತಿನಲ್ಲಿ ಅವನ ತಲೆ ಸವರಬೇಕು ಎನ್ನಿಸಿತು.

ಅಡುಗೆಮನೆ

ಇಲ್ಲಿನ ವಿದ್ಯಾರ್ಥಿಗಳ ಮನೆಯಲ್ಲಿ ರೂಮು ಯಾರಿಗೆ ಎನ್ನುವುದನ್ನು ಮಾಲೀಕನಲ್ಲ, ಅಲ್ಲಿ ಈಗಾಗಲೇ ಇರುವವರೇ ತೀರ್ಮಾನಿಸುತ್ತಾರೆ. ಬೇಕೆಂದವರನ್ನೆಲ್ಲ ಒಟ್ಟಿಗೆ ಕರೆಯುತ್ತಾರೆ, ಅಡುಗೆಮನೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಮೆಚ್ಚಿದವರನ್ನು ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಹೀಗೆಯೇ, ಆದರೆ ಒಂದೇ ಜಮಖಾನೆಯ ಮೇಲೆ ನಾಲ್ಕು ಹೆಣ್ಣುಗಳನ್ನು ಒಟ್ಟಿಗೆ ಕೂರಿಸುವುದಿಲ್ಲ.

ಬಾಗಿಲು ತೆರೆದವಳು ಸಾನ್ನೆ ಎಂಬ ಹುಡುಗಿ. ನನಗಿಂತ ಒಂದು ಗೇಣು ಎತ್ತರ, ಮುಖದ ತುಂಬ ನಗು. ನಮ್ಮಿಬ್ಬರನ್ನು ಕಂಡು, ಹೊರಗೆ ಚಳಿ, ನೀವೂ ಒಳಗೆ ಬನ್ನಿ ಎಂದಳು. ಮೊದಲು ಎಲ್ಲರಿಗೂ ರೂಮು ತೋರಿಸಿದಳು. ಮೆಟ್ಟಿಲು ಎನ್ನುವುದು ಹೆಸರಿಗೆ, ನಿಜಕ್ಕೂ ಏಣಿಯೇ. ಕೈಗೆ ಹಗ್ಗ ಕಟ್ಟಿದ್ದಾರೆ. ಅದರ ತುದಿಯಲ್ಲಿ ಮಾಡಿನ ಕೆಳಗೆ ಒಂದು ಪುಟ್ಟ ಕೋಣೆ, ಒಂದು ಮಂಚ, ಒಂದು ಕಿಟಕಿ, ಕಿಟಕಿಯಲ್ಲಿ ಕಾಲುವೆ. ಈರಣ್ಣ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದ. ಹಬ್ಬದ ಹೊಸ ಬಟ್ಟೆ ಮುಟ್ಟಿ ನೋಡುವ ಹುಡುಗನಂತಿದ್ದ.

ಇಳಿದ ಮೇಲೆ ಅವನೂ ರೂಮು ಕೇಳಿ ಬಂದಿದ್ದ ಇನ್ನೂ ಮೂವರೂ ಅಡುಗೆಮನೆಯ ಉದ್ದ ಮೇಜಿಗೆ ಕುಳಿತರು, ಆಚೆ ಕಡೆ ಮನೆಯವರು. ನಾನೂ ಮಂಜನೂ ಮೆಟ್ಟಿಲಿನ ಬುಡದಲ್ಲಿ. ಬಾಗಿಲು ತೆರೆದೇ ಇತ್ತು, ಎಲ್ಲಾ ಕೇಳುತ್ತಿತ್ತು.

ಬ್ರಾಮ್ ಎಂಬ ಗಡ್ಡದ ಹುಡುಗ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದ. ಈರಣ್ಣ ಬೇಡ ಎಂದ. ಡಬ್ಬಿ ಮುಂದೆ ಹೋಯಿತು. ಕಾಫಿ? ಬೇಡ. ಕಾಫಿಯೂ ಮುಂದೆ ಹೋಯಿತು. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ, ನನಗೆ ಗೊತ್ತು.

ಪ್ರಶ್ನೆಗಳಿಗೆ ಮಾತ್ರ ಚೆನ್ನಾಗಿ ಉತ್ತರ ಕೊಟ್ಟ. ಬೇರೆಯವರು ಪಾತ್ರೆ ತೊಳೆಯದೆ ಹೋದರೆ ಏನು ಮಾಡುತ್ತೀಯ ಎಂದು ಬ್ರಾಮ್ ಕೇಳಿದ್ದಕ್ಕೆ, “ತೊಳೆಯುತ್ತೇನೆ, ಮಡಕೆ ಒಡೆದಿದ್ದರೆ ಮಾತ್ರ ಹಾಗೇ ಎತ್ತಿಟ್ಟುಕೊಳ್ಳುತ್ತೇನೆ,” ಎಂದು ತನ್ನ ಹೊಲದ ಕತೆ ಹೇಳಿದ. ಚೂರುಗಳನ್ನು ಮನೆಯೊಳಗೆ ತಂದರೆ ಅವ್ವ ಹೇಗೆ ಪೊರಕೆ ಹಿಡಿದು ಬರುತ್ತಿದ್ದಳು ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಂಜ ನನ್ನ ತೋಳು ತಿವಿದ. ಗೆದ್ದ ಎಂದೇ ಅಂದುಕೊಂಡೆವು.

ಕೊನೆಗೆ ಸಾನ್ನೆ ಒಬ್ಬೊಬ್ಬರನ್ನಾಗಿ ಕೇಳಿದಳು, ಈ ರೂಮು ನಿನಗೆ ಬೇಕಾ ಎಂದು. ಮೊದಲನೆಯವಳು ಖಂಡಿತ ಎಂದಳು. ಎರಡನೆಯವನು ಇಂಥ ರೂಮಿಗಾಗಿಯೇ ಕಾದಿದ್ದೆ ಎಂದ. ಮೂರನೆಯವಳು ನಾಳೆಯೇ ಬಂದೇನು ಎಂದಳು. ನಮ್ಮ ಈರಣ್ಣ ಎದೆಯ ಮೇಲೆ ಕೈಯಿಟ್ಟ.

“ಬಹಳ ಸಂತೋಷ. ಆದರೆ ಇವರಲ್ಲಿ ಯಾರಿಗಾದರೂ ನನಗಿಂತ ಹೆಚ್ಚು ಅಗತ್ಯವಿದ್ದರೆ ಅವರಿಗೇ ಕೊಡಿ. ನಾನು ಹೇಗೋ ಮಾಡಿಕೊಳ್ಳುತ್ತೇನೆ.”

ನಾನು ಮೆಟ್ಟಿಲ ಮೇಲೆ ಹಣೆ ಚಚ್ಚಿಕೊಂಡೆ. ಸಾನ್ನೆ ತಲೆಯಾಡಿಸಿ, “ಸರಿ, ಅರ್ಥವಾಯಿತು,” ಎಂದಳು. ಬಾಗಿಲವರೆಗೂ ಬಂದು ಬೀಳ್ಕೊಡುತ್ತಾ, ನಿನಗೆ ಅವಸರವಿಲ್ಲ ಎಂದು ಕೇಳಿ ಸಮಾಧಾನವಾಯಿತು, ಸಂಜೆ ಎಲ್ಲರೂ ಕೂತು ತೀರ್ಮಾನಿಸುತ್ತೇವೆ ಎಂದು ಅವನ ಕೈ ಕುಲುಕಿದಳು. ಅವಳ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಸಮಾಧಾನವಾಗಿತ್ತು.

ಸಂತೆ

ಶನಿವಾರ ಕಾಲುವೆಯ ಎರಡೂ ದಂಡೆಗೆ ಸಂತೆ. ಹೂವು, ಚೀಸಿನ ಚಕ್ರಗಳು, ಹಸಿ ಮೀನು. ಇಲ್ಲಿನವರು ಮೀನಿನ ಬಾಲ ಹಿಡಿದು ತಲೆ ಹಿಂದಕ್ಕೆ ವಾಲಿಸಿ, ಹಂಪಿ ಗುಡಿಯ ಆನೆ ಬಾಳೆಹಣ್ಣು ನುಂಗಿದಂತೆ ನುಂಗುತ್ತಾರೆ. ಬೇರೆ ದಿನವಾಗಿದ್ದರೆ ನಾನು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಅವತ್ತು ತಲೆ ಕೆಟ್ಟಿತ್ತು.

“ಯಾಕೋ ಹಂಗಂದಿ?” ಎಂದು ಅವನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದೆ. “ಬೇಕಾ ಅಂದ್ರ ಬೇಕು ಅನ್ನಾಕ ಏನ್ ಧಾಡಿ?”

“ಮೊದಲ್ನೇ ಸಲಕ್ಕ ಹೆಂಗ ಹೂಂ ಅನ್ನೋದು, ಗೌರಕ್ಕ?” ಅವನಿಗೆ ನಿಜಕ್ಕೂ ಆಶ್ಚರ್ಯ. “ಮತ್ತ ಕೇಳ್ತಾರ. ಕೇಳಿದಾಗ ನೋಡಿದ್ರಾತು.”

“ಯಾರು ಕೇಳ್ತಾರಲೇ? ಸಂಜಿಗೆ ಆ ನಾಳೇನ ಬರ್ತೀನಿ ಅಂದಾಕಿಗೆ ಕೊಟ್ಟು ಕೈ ತೊಳಕೊಂತಾರ,” ಎಂದ ಮಂಜ.

ಈರಣ್ಣ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಸಾನ್ನೆ ಫೋನು ಮಾಡುತ್ತಾಳೆ, ಮತ್ತೊಮ್ಮೆ ಕೇಳುತ್ತಾಳೆ ಎಂದು ಅವನು ನಿಜವಾಗಿಯೂ ಕಾಯುತ್ತಿದ್ದ. ಡಬ್ಬಿ ತೆರೆದು ನಾನು ಒಗ್ಗರಣೆ ಹಂಚಿದೆ, ಅವನಿಗೆ ಕೇಳದೆಯೇ ಹಾಕಿದೆ, ಗಬಗಬ ತಿಂದ. ಆಮೇಲೆ ಕಡಕ್ ರೊಟ್ಟಿಗೆ ಚಟ್ನಿಪುಡಿ ಸವರಿ ಬಾಯಿಗಿಡಬೇಕು, ಬಿಳಿಯ ಕಡಲಹಕ್ಕಿಯೊಂದು ಮೇಲಿಂದ ಎರಗಿ ರೊಟ್ಟಿ ಕಿತ್ತುಕೊಂಡು ಹೋಯಿತು. ಹಂಪಿಯ ಕೋತಿಗಳಾದರೂ ಮುಂಚೆ ಒಂದಿಷ್ಟು ಗುರಾಯಿಸುತ್ತವೆ.

“ನೋಡು, ಹಕ್ಕಿಗೂ ಗೊತ್ತೈತಿ ಈ ಊರಾಗ ಹೆಂಗ ಬದುಕಬೇಕಂತ,” ಎಂದ ಮಂಜ. “ಬಾಯಿದ್ದೋನು ಬರಗಾಲದಾಗೂ ಬದುಕಿದ ಅಂತಾರ. ನೀ ನೋಡಿದ್ರ ಬಾಯಿಗೆ ಬೀಗ ಹಾಕ್ಕೊಂಡು ಕುಂತೀ.”

“ನಾನು ಹೋಗಿ ಸಾನ್ನೆಗೆ ಹೇಳಿ ಬರ್ತೀನಿ,” ಎಂದು ನಾನು ಎದ್ದೆ.

“ಬ್ಯಾಡ,” ಎಂದ ಈರಣ್ಣ. ಈ ಸಲದ ಬ್ಯಾಡ ಬೇರೆ ಥರದ್ದು. “ನೀವು ಹೋದ್ರ ನಾ ಆ ಮನ್ಯಾಗ ಇರಾಂಗಿಲ್ಲ.”

ನನಗೆ ಸಿಟ್ಟು ಬಂತು. ಅವನಿಗೂ ಬಂದಿತ್ತು. ಮೂವರೂ ಒಬ್ಬರ ಹಿಂದೊಬ್ಬರು ನಡೆದೆವು.

ಕಲ್ಲಿಲ್ಲದ ಊರಿನ ಕೋಟೆ

ಊರ ನಡುವೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಬಳೆಯಂತೆ ದುಂಡಗಿರುವ ಇಟ್ಟಿಗೆಯ ಕೋಟೆ. ಇಲ್ಲಿನವರು ಅದನ್ನು ಬೆಟ್ಟ ಹತ್ತಿದಷ್ಟು ಸಂಭ್ರಮದಿಂದ ಹತ್ತುತ್ತಾರೆ. ನಾವು ಒಂದೇ ಉಸಿರಿಗೆ ಮೇಲಿದ್ದೆವು. ಸುತ್ತ ಕೆಂಪು ಹೆಂಚು, ಚರ್ಚಿನ ಗೋಪುರ, ಅದರಾಚೆ ಮಟ್ಟಸ ನೆಲ.

ನಮ್ಮ ಕಡೆ ಒಂದು ನಂಬಿಕೆ ಇದೆ. ಮನೆ ಬೇಕು ಎನ್ನುವವರು ಹಂಪಿಯ ಮಾಲ್ಯವಂತದ ಗುಡ್ಡಕ್ಕೆ ಹೋಗಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಮಾಡಿ ಬೇಡಿಕೊಳ್ಳುತ್ತಾರೆ. ಬಂಡೆಯ ಮೇಲೆಲ್ಲ ಅಂಥ ಕಲ್ಲಿನ ಗೂಡುಗಳು. ನಮ್ಮ ಅತ್ತೆಯವರ ಮನೆ ಹಾಗೇ ಆದದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಮಾವ ಇಪ್ಪತ್ತು ವರ್ಷ ದುಡಿದದ್ದನ್ನು ಯಾರೂ ಹೇಳುವುದಿಲ್ಲ.

ನಾನು ಗೋಡೆಯ ಮೇಲೆ ಸುತ್ತಿ ಕೆಳಗಿಳಿದು ನೋಡಿದರೆ ಈರಣ್ಣ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೆಲ ಕೆದಕುತ್ತಿದ್ದ. ಪುರಾತತ್ವ ಶುರುವಾಯಿತೇನೋ ಎಂದುಕೊಂಡೆ. ಅವನು ಕಲ್ಲು ಹುಡುಕುತ್ತಿದ್ದ. ಈ ದೇಶವೆಲ್ಲ ಮರಳು ಮತ್ತು ಕೆಸರು, ಅಂಗೈ ತುಂಬುವ ಒಂದು ಕಲ್ಲು ಸಿಗಬೇಕಾದರೆ ಹರಕೆ ಹೊರಬೇಕು. ಹಂಪಿಯ ಪಕ್ಕದವರಿಗೆ ಕಲ್ಲು ಹುಡುಕುವ ಗತಿ ಬಂತಲ್ಲ ಎಂದು ನನ್ನ ಸಿಟ್ಟೆಲ್ಲ ಇಳಿದು ನಗು ಬಂತು. ಕೊನೆಗೆ ಎರಡು ಇಟ್ಟಿಗೆ ಚೂರು, ಒಂದು ಜಲ್ಲಿಕಲ್ಲು ಸಿಕ್ಕವು. ಒಂದರ ಮೇಲೊಂದು ಇಟ್ಟು ಕಣ್ಣು ಮುಚ್ಚಿದ.

ಮಂಜ ಹತ್ತಿರ ಬಂದು ಕುಳಿತ. ತಮಾಷೆ ಬಿಟ್ಟು ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಈರ್ಯಾ, ದೇವ್ರು ಏನ್ ಬೇಕಂತ ನಿನ್ನ ಕೇಳಿದ್ನೇನು?”

“ಇಲ್ಲ.”

“ಕೇಳದಿದ್ರೂ ನೀನಾಗೇ ಕಲ್ಲಿಟ್ಟು ಬೇಕು ಅಂದಿ. ನಾಚಿಕಿ ಆಗಲಿಲ್ಲ. ಆ ಹುಡುಗಿ ತಾನಾಗೇ ಕೇಳಿದ್ಲು, ಆಕಿಗೆ ಬ್ಯಾಡ ಅಂದಿ. ಇದ್ಯಾವ ನ್ಯಾಯ?”

ಈರಣ್ಣ ಮೇಲಿನ ಜಲ್ಲಿಕಲ್ಲನ್ನು ಬೀಳದಂತೆ ಸರಿಪಡಿಸಿದ.

“ನಮ್ಮೂರಾಗ ಮಳಿ ನಂಬಿಕೊಂಡು ಒಲಿ ಹಚ್ಚೋದು,” ಎಂದ ಮೆಲ್ಲಗೆ. “ಯಾರ ಮನಿಗೆ ಹೋದ್ರೂ ಊಟ ಮಾಡು ಅಂತಾರ. ಅನ್ನದೆ ಇರಾಂಗಿಲ್ಲ, ಮರ್ಯಾದಿ. ಆದ್ರ ಒಳಗ ಗಡಿಗ್ಯಾಗ ಏನೈತೋ ಯಾರಿಗ್ ಗೊತ್ತು? ಅದಕ್ಕ ಮೊದಲ್ನೇ ಸಲ ಬ್ಯಾಡ ಅನಬೇಕು. ಎರಡನೇ ಸಲಾನೂ ಬ್ಯಾಡ ಅನಬೇಕು. ಇಲ್ಲದೋರು ಅಷ್ಟಕ್ಕ ಸುಮ್ನಾಗ್ತಾರ, ಅವ್ರ ಮರ್ಯಾದಿ ಉಳೀತೈತಿ. ಮೂರನೇ ಸಲ ಕೇಳಿದ್ರು ಅಂದ್ರ ಅನ್ನ ಐತಿ, ಮನಸಿಂದ ಕರದಾರ ಅಂತ. ಆವಾಗ ಕುಂದ್ರಬೇಕು. ಹಂಗಂತ ನಮ್ಮವ್ವ ಕಲಿಸ್ಯಾಳ. ಜಲ್ದಿ ಹೂಂ ಅಂದ್ರ ಮಂದಿ ಬಾಯಾಗಿಂದು ಕಸಗೊಂಡಂಗ.”

ಅಜ್ಜಿ ಕೈಮೇಲೆ ಸಾರು ಸುರಿಯುತ್ತಿದ್ದುದನ್ನು ನಾನು ಇಷ್ಟು ವರ್ಷ ನಮ್ಮ ಮನೆತನದ ದೊಡ್ಡ ಗುಣ ಎಂದುಕೊಂಡಿದ್ದೆ. ಅದು ಕಾಲುವೆಯ ನೀರಿನ ಗುಣ. ನೀರಿಲ್ಲದ ಊರಿನವರು ಅದಕ್ಕಿಂತ ಸೂಕ್ಷ್ಮವಾದದ್ದೊಂದನ್ನು ಕಟ್ಟಿಕೊಂಡಿದ್ದರು, ನನಗೆ ಗೊತ್ತೇ ಇರಲಿಲ್ಲ.

“ಈರಣ್ಣ,” ಎಂದೆ. “ಇವ್ರ ಗಡಿಗಿ ಖಾಲಿ ಇಲ್ಲ. ರೂಮು ಐತಿ, ಅದಕ್ಕ ಕೇಳ್ಯಾರ. ಇವ್ರು ಇಲ್ಲದ್ದನ್ನ ಕೇಳಾಂಗೇ ಇಲ್ಲ. ಇವ್ರ ಮೊದಲ್ನೇ ಸಲಾನೇ ನಿಮ್ಮೂರಿನ ಮೂರನೇ ಸಲ.”

ಅವನು ನನ್ನ ಮುಖ ನೋಡಿದ. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. “ನಡೀರಿ,” ಎಂದ.

ಮತ್ತೆ ಅದೇ ಬಾಗಿಲು

ಓಡುನಡಿಗೆಯಲ್ಲಿ ಹೋದೆವು. ಸೈಕಲ್ಲಿನ ಹಾದಿ ಕಂಡಾಗ ಮಂಜ ಪೊಲೀಸಿನವನಂತೆ ನಮ್ಮಿಬ್ಬರನ್ನೂ ತಡೆದು ದಾಟಿಸಿದ. ಬಾಗಿಲ ಮುಂದೆ ನಿಂತ ಈರಣ್ಣನ ಕೈ ಗಂಟೆಯವರೆಗೆ ಹೋಗಿ ವಾಪಸು ಬಂತು. ಇನ್ನೊಮ್ಮೆ ಹೋಗಿ ಬಂತು. ನಾನು ಬಾಯಿ ಬಿಡಬಾರದೆಂದು ಸೆರಗಿಲ್ಲದ ಕಾರಣ ಮಫ್ಲರು ಕಚ್ಚಿಕೊಂಡಿದ್ದೆ. ಕೊನೆಗೂ ಒತ್ತಿದ.

ಸಾನ್ನೆ ತೆರೆದಳು. ಹಿಂದೆ ಅಡುಗೆಮನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕುಳಿತಿದ್ದರು, ತೀರ್ಮಾನ ನಡೆಯುತ್ತಿತ್ತು. ಏನಾದರೂ ಮರೆತು ಹೋದಿರಾ ಎಂದಳು.

“ಹೌದು,” ಎಂದ ಈರಣ್ಣ. ಅವನ ಇಂಗ್ಲಿಷು ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ನೀವು ರೂಮು ಬೇಕಾ ಎಂದು ಒಂದು ಸಲ ಕೇಳಿದಿರಿ. ನಮ್ಮೂರಿನಲ್ಲಿ ಒಂದು ಸಲ ಕೇಳಿದರೆ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಕೊಡುವವರ ಮನೆಯಲ್ಲಿ ಇಲ್ಲದಿದ್ದರೆ ಅವರಿಗೆ ಕಷ್ಟವಾಗಬಾರದು ಎಂದು. ಮೂರನೆಯ ಸಲ ಕೇಳಿದಾಗ ಹೂಂ ಎನ್ನುತ್ತೇವೆ. ನೀವು ಮೂರು ಸಲ ಕೇಳುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ನನಗೆ ಈ ರೂಮು ಬೇಕು. ಆಗಲೂ ಬೇಕಿತ್ತು. ತಿಂಗಳ ಕೊನೆಗೆ ನನಗೆ ಇರಲು ಜಾಗವಿಲ್ಲ.”

ಈರಣ್ಣನ ಕಿವಿಗಳು ಕೆಂಪಾಗಿದ್ದವು. ಆಮೇಲೆ ಗಡ್ಡದ ಬ್ರಾಮ್ ಎದ್ದು ಬಂದ.

“ಹಾಗಾದರೆ ಬಿಸ್ಕತ್ತು?” ಎಂದು ಬಹಳ ಗಂಭೀರವಾಗಿ ಕೇಳಿದ. “ಅದೂ ಬೇಕಿತ್ತಾ?”

“ಬೇಕಿತ್ತು,” ಎಂದ ಈರಣ್ಣ.

“ಕಾಫಿ?”

“ಅದೂ.”

ಅಡುಗೆಮನೆಗೆ ಅಡುಗೆಮನೆಯೇ ನಕ್ಕಿತು. ಬ್ರಾಮ್ ಡಬ್ಬಿ ತಂದು ಹಿಡಿದ. ಈರಣ್ಣನ ಕೈ ಅಭ್ಯಾಸಬಲದಿಂದ ಎದೆಯ ಕಡೆಗೆ ಏರಿತು, ಅರ್ಧದಾರಿಯಲ್ಲಿ ತಿರುಗಿ ಡಬ್ಬಿಯೊಳಗೆ ಹೋಯಿತು. ಸಾನ್ನೆ ಮಾತ್ರ ಮಾತು ಕೊಡಲಿಲ್ಲ. ಉಳಿದ ಮೂವರಿಗೂ ರೂಮು ಬೇಕಾಗಿದೆ, ಎಲ್ಲರೂ ಮಾತಾಡಿ ಮೆಸೇಜು ಹಾಕುತ್ತೇವೆ ಎಂದಳು. ಅದೂ ಸರಿಯೇ.

ವಾಪಸು ರೈಲು

ರೈಲಿನಲ್ಲಿ ಈರಣ್ಣ ಕಿಟಕಿ ಪಕ್ಕ ಕುಳಿತ. ಸಿಗದಿದ್ದರೂ ಪರವಾಗಿಲ್ಲ, ಹೇಳಬೇಕಾದ್ದು ಹೇಳಿದೆ ಎಂದ. ಅದು ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಮಂಜ ಊರಿನ ಮಿರ್ಚಿ ಬಜ್ಜಿಯ ವರ್ಣನೆ ಶುರು ಮಾಡಿದ, ಯಾರೂ ಕಿವಿಗೊಡಲಿಲ್ಲ.

ಫೋನು ಗುರ್ ಎಂದಿತು. ಈರಣ್ಣ ನೋಡಿ ನನ್ನ ಕೈಗೆ ಕೊಟ್ಟ. ಸಾನ್ನೆಯ ಮೆಸೇಜು, ಒಂದರ ಕೆಳಗೊಂದು.

‘ರೂಮು ನಿನಗೆ ಬೇಕಾ?’

‘ರೂಮು ನಿನಗೆ ಬೇಕಾ?’

‘ರೂಮು ನಿನಗೆ ಬೇಕಾ?’

ನಾನು ಅಳುಬುರುಕಿಯಲ್ಲ, ಆದರೆ ಅವತ್ತು ಅತ್ತೆ. ಮಂಜ ಸೀಟು ಬಿಟ್ಟೆದ್ದು ಈರಣ್ಣನ ತಲೆಗೂದಲು ಕೆದರಿ ಹಾಕಿದ. ಈರಣ್ಣ ಫೋನು ಕಸಿದುಕೊಂಡು, ‘ಬೇಕು’ ಎಂದು ಒಂದೇ ಪದ ಕಳಿಸಿದ.

ಆಮೇಲೆ ಮನೆಗೆ ಫೋನು ಹಚ್ಚಿದ. ಚೋರನೂರಿನಲ್ಲಿ ಊಟದ ಹೊತ್ತು ಮೀರಿತ್ತು, ಅವ್ವ ಎದ್ದೇ ಇದ್ದಳು. ಗದ್ದಲದ ರೈಲು, ಅದಕ್ಕೆ ಸ್ಪೀಕರಿಗೆ ಹಾಕಿದ.

“ಅವ್ವ, ರೂಮು ಸಿಕ್ತು.”

“ನಿಮ್ಮಪ್ಪಗ ಹೇಳ್ತೀನಿ ತಡಿ,” ಎಂದಳು ಅವ್ವ, ಹೇಳಲು ಹೋಗಲಿಲ್ಲ. “ಕೊಡ್ರಿ ಕೊಡ್ರಿ ಅಂತ ಬೆನ್ನು ಹತ್ತಿದ್ಯೇನು, ಅವ್ರಾಗೇ ಕೇಳಿದ್ರೋ?”

ಈರಣ್ಣ ನಮ್ಮಿಬ್ಬರ ಮುಖ ನೋಡಿದ. ಮಂಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಅವ್ರೇ ಕೇಳಿದ್ರವ್ವ.”

“ಎಷ್ಟು ಸಲ?”

“ಮೂರು ಸಲ.”

ಅವ್ವ ನಿಟ್ಟುಸಿರು ಬಿಟ್ಟದ್ದು ರೈಲಿನ ಸದ್ದಿನಲ್ಲೂ ಕೇಳಿಸಿತು.

“ಹಂಗಾರ ಛಲೋ ಮಂದಿ ಅದಾರ. ಮನಸಿಂದ ಕರದಾರ. ಹೋಗು, ಇರು.”

“ಹೂಂ ಅವ್ವ,” ಎಂದ ಈರಣ್ಣ.